ಒಂದು ಉದ್ದ, ಎರಡು ಗಿಡ್ಡ

ನನ್ನ ಬಾಯಿಯೇ ನನಗೆ ಅನ್ನ ಹಾಕಿದ್ದು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಮನೆ ಮಾಡಿಕೊಂಡು, ಮದುವೆಯಾದ ಮರುವರ್ಷದಿಂದ ಇವತ್ತಿನವರೆಗೂ ವಿಮೆ ಏಜೆಂಟಾಗಿ ದುಡಿಯುತ್ತಿದ್ದೇನೆ. ಸಾಯುವ ವಿಷಯವನ್ನು ಎದುರಿನವರ ಮುಖ ಬಾಡದ ಹಾಗೆ, ಅವರ ಮನೆಯ ಚಹಾ ಕುಡಿಯುತ್ತಲೇ ಎತ್ತಬೇಕು, ನಗಿಸುತ್ತಲೇ ಸಹಿ ಹಾಕಿಸಿಕೊಳ್ಳಬೇಕು. ಅದು ಎಲ್ಲರಿಗೂ ಒಲಿಯುವ ಕೆಲಸವಲ್ಲ, ನನಗೆ ಒಲಿದಿತ್ತು. ಇವಳ ಕೈಗೆ ಮೈಕು ಹೋದರೆ ತಿರುಗಿ ಬರುವುದಿಲ್ಲ ಎಂದು ನಮ್ಮವರು ಗೇಲಿ ಮಾಡುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ. ಅಂಥವಳು ಡಾಲ್ಫಿನ್‌ಗಳ ಮಾತಿನ ಹಿಂದೆ ಹೇಗೆ ಬಿದ್ದೆ ಎಂಬುದನ್ನು ಮೊದಲು ಹೇಳುತ್ತೇನೆ. ಆಮೇಲಿನದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಮೀನು ಬಂದರಿನಲ್ಲಿ, ಬೋಟು ಇಟ್ಟುಕೊಂಡ ಒಬ್ಬರು ನನ್ನ ಗ್ರಾಹಕರು. ಅವರ ಒಂದು ಸಹಿಗಾಗಿ ಅಲೆದು ಅಲೆದು ನನ್ನ ಚಪ್ಪಲಿ ಸವೆದಿತ್ತು. ಒಂದು ಬೆಳಿಗ್ಗೆ ದಕ್ಕೆಗೇ ಹೋಗಿ ಹಿಡಿದೆ. ಅವರು ಬೋಟು ಬಿಡಲು ತಯಾರಾಗಿ ನಿಂತಿದ್ದರು.

“ಹತ್ತಿ ಮೇಡಂ, ಬೋಟಿನಲ್ಲೇ ಕೂತು ಸಹಿ ಹಾಕ್ತೇನೆ. ಇವತ್ತು ಮೀನಿಗೆ ಹೋಗುವುದಲ್ಲ. ಇವರಿಗೆ ಕಡಲಹಂದಿಯ ಮಾತು ಕೇಳ್ಲಿಕ್ಕೆ ಉಂಟಂತೆ!” ಎಂದು ನಕ್ಕರು.

ಡಾಲ್ಫಿನ್ನಿಗೆ ಅವರು ಹೇಳುವ ಹೆಸರು ಅದು. ಬಲೆ ಹರಿಯುವ ಜಾತಿ ಎಂದು ಅವರಿಗೆ ಅದರ ಮೇಲೆ ಸಿಟ್ಟೂ ಇತ್ತು. ಮಾತು ಕೇಳಲು ಬಂದವಳು ನನ್ನ ಮಗಳ ಪ್ರಾಯದ ಒಬ್ಬ ಹುಡುಗಿ. ಅವಳದ್ದು ಒಂದು ಸಣ್ಣ ಧರ್ಮಾರ್ಥ ಸಂಸ್ಥೆ. ಡಾಲ್ಫಿನ್‌ಗಳು ತಮ್ಮತಮ್ಮಲ್ಲಿ ಏನು ಹೇಳಿಕೊಳ್ಳುತ್ತವೆ, ಅವುಗಳ ಬುದ್ಧಿ ಎಂಥದ್ದು ಎಂದು ಹುಡುಕುವುದೇ ಅವರ ಕೆಲಸ. ಸರಕಾರದ ಆಸರೆ ಇಲ್ಲ, ಕಂಪನಿಯ ಆಸರೆ ಇಲ್ಲ, ಜನ ಕೊಟ್ಟದ್ದರಲ್ಲಿ ನಡೆಯಬೇಕು. ದಡ ಕಾಣದಷ್ಟು ದೂರ ಹೋದ ಮೇಲೆ ಎಂಜಿನ್ ನಿಲ್ಲಿಸಿ, ಉದ್ದನೆಯ ವಯರಿನ ತುದಿಗೆ ಕಟ್ಟಿದ ಮೈಕನ್ನು ನೀರಿಗೆ ಇಳಿಬಿಟ್ಟಳು. ನಾನು ಅಷ್ಟು ಹೊತ್ತಿಗೆ ಎರಡು ಸಲ ವಾಂತಿ ಮಾಡಿ, ಬೋಟಿನ ಮಾಲಕರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಾ ಹಗ್ಗದ ರಾಶಿಗೆ ಒರಗಿಕೊಂಡಿದ್ದೆ. ಅವಳು ತನ್ನ ಹೆಡ್‌ಫೋನನ್ನು ತೆಗೆದು ನನ್ನ ಕಿವಿಗೆ ಇಟ್ಟಳು.

“ಕಣ್ಣು ಮುಚ್ಚಿಕೊಳ್ಳಿ ಅಕ್ಕ. ನೋಡ್ಲಿಕ್ಕೆ ಹೋದರೆ ಕೇಳುವುದಿಲ್ಲ” ಎಂದಳು.

ಮುಚ್ಚಿಕೊಂಡೆ. ಮೊದಲು ಬರೀ ಚಟಚಟ ಸದ್ದು, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಆಮೇಲೆ ಒಂದು ಸಿಳ್ಳೆ, ಮೇಲೇರಿ, ಬಾಗಿ, ತುಂಡಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ದೂರದಿಂದ ಇನ್ನೊಂದು ಬಂತು, ಅದರ ಧಾಟಿಯೇ ಬೇರೆ. ಒಂದೊಂದಕ್ಕೂ ಅದರದ್ದೇ ಆದ ಸಿಳ್ಳೆ ಉಂಟು, ಅದು ಹೆಚ್ಚುಕಡಿಮೆ ಹೆಸರಿನ ಹಾಗೆ, ಬಳಗದವು ಅದನ್ನು ಗುರುತು ಹಿಡಿಯುತ್ತವೆ ಎಂದು ಹುಡುಗಿ ವಿವರಿಸಿದಳು. ವಾಂತಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಸಹಿ ಹಾಕಿಸಿಕೊಳ್ಳುವುದೂ ಮರೆತುಹೋಯಿತು.

ಅದೇ ವಾರ ಬೆಳ್ತಂಗಡಿಯ ಅಣ್ಣನ ಮನೆಗೆ ಹೋಗಿ ಎಲ್ಲವನ್ನೂ ಬಣ್ಣಿಸಿದೆ. ನನ್ನ ಅಣ್ಣ ಬೆಳ್ತಂಗಡಿ–ಮೂಡುಬಿದಿರೆ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮಂಡಿನೋವು ಬಂದು ಆ ಕೆಲಸ ಬಿಟ್ಟಿದ್ದ. “ಗುರುವಾಯನಕೆರೆ, ವೇಣೂರು, ಮೂಡ್ಬಿದ್ರೆ ಬೇಗ ಬೇಗ” ಎಂದು ಅವನು ಬೊಬ್ಬೆ ಹಾಕಿದರೆ ಪೇಟೆಯ ಆ ಕೊನೆಯಲ್ಲಿದ್ದವರೂ ಓಡಿ ಬರುತ್ತಿದ್ದರು. ನಮ್ಮಿಬ್ಬರಲ್ಲಿ ದೊಡ್ಡ ಬಾಯಿ ಯಾರದ್ದು ಎಂಬ ಬಗ್ಗೆ ಅಮ್ಮನಿಗೆ ಕೊನೆಯವರೆಗೂ ಅನುಮಾನವಿತ್ತು. ಅವನು ನನ್ನ ಕಡಲ ಪುರಾಣವನ್ನೆಲ್ಲ ಕೇಳಿ ಚಹಾದ ಲೋಟ ಕೆಳಗಿಟ್ಟ.

“ಇದರಲ್ಲಿ ಹೊಸತು ಎಂತ ಉಂಟು ಮಾರಾಯ್ತಿ? ಇದು ನಮ್ಮ ಕೂ ಅಲ್ವಾ!”

ಕೂ ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ವೇಣೂರಿನ ಹತ್ತಿರ ನಾವು ಬೆಳೆದ ಕಡೆ ಮನೆಗಳು ಗುಡ್ಡಕ್ಕೊಂದು, ತಗ್ಗಿಗೊಂದು. ಫೋನಿಲ್ಲದ ಕಾಲ. ಯಾರನ್ನಾದರೂ ಕರೆಯಬೇಕಾದರೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ‘ಕೂ’ ಎಂದು ದೊಡ್ಡದಾಗಿ ಕರೆಯುವುದು. ಅಮ್ಮ ನಮ್ಮಿಬ್ಬರಿಗೂ ಬೇರೆ ಬೇರೆ ಕೂ ಮಾಡಿಟ್ಟಿದ್ದಳು. ಅವನದ್ದು ಎರಡು ಗಿಡ್ಡ, ಒಂದು ಉದ್ದ. ನನ್ನದು ಅದರ ತಿರುಗಾಮುರುಗಾ, ಒಂದು ಉದ್ದ, ಎರಡು ಗಿಡ್ಡ. ಶಾಲೆ ಬಿಟ್ಟ ಮೇಲೆ ಅವನು ನೀರಿನ ತೋಡಿನ ಆಚೆ ನಿಂತು ನನ್ನ ಕೂ ಹಾಕುತ್ತಿದ್ದ. ನಾನು ಎಲ್ಲೇ ಆಡುತ್ತಿರಲಿ, “ಓ” ಅನ್ನಬೇಕು. ಅನ್ನದಿದ್ದರೆ ಸಂಜೆ ಅಮ್ಮನ ಹತ್ತಿರ ಬೈಗುಳ ಗ್ಯಾರಂಟಿ. “ಕರೆದವರಿಗೆ ಓಗೊಡಲಿಕ್ಕೆ ಆಗದಷ್ಟು ಸೊಕ್ಕಾ ನಿನಗೆ?” ಎನ್ನುತ್ತಿದ್ದಳು.

ಅಣ್ಣ ಆ ದಿನ ಕುರ್ಚಿಯಲ್ಲಿ ಕೂತಲ್ಲೇ ಎರಡೂ ಕೂ ಹಾಕಿ ತೋರಿಸಿದ. ಅತ್ತಿಗೆ ಒಳಗಿನಿಂದ “ಇವರಿಗೆ ಪಿರ್ಕಿಯಾ, ತಲೆ ಕೆಟ್ಟಿತಾ?” ಎಂದು ಕೇಳಿದರು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಡಾಲ್ಫಿನ್ ಸಂಸ್ಥೆಗೆ ನಾನು ಜನರಿಂದ ಸಹಾಯ ಕೇಳಲು ಹೊರಟಾಗ ಮೊದಲ ರಶೀದಿ ಹರಿದದ್ದು ಅವನ ಹೆಸರಿಗೇ.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ನಮ್ಮ ಜಿಲ್ಲೆಯಲ್ಲಿ ರಶೀದಿ ಪುಸ್ತಕ ಹಿಡಿದು ಬಂದವರನ್ನು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ, ಆದರೆ ಅದು ದೇವಸ್ಥಾನದ ಬ್ರಹ್ಮಕಲಶಕ್ಕಿರಬೇಕು, ಯಕ್ಷಗಾನಕ್ಕಿರಬೇಕು, ಯಾರದ್ದಾದರೂ ಆಪರೇಷನ್ನಿಗಿರಬೇಕು. ಡಾಲ್ಫಿನ್ ಎಂದರೆ ಕಣ್ಣು ಬಾಯಿ ಬಿಡುತ್ತಿದ್ದರು. “ನೇತ್ರಾವತಿಗೆ ಡಾಲ್ಫಿನ್ ಬಂತಾ ಅಕ್ಕ?” ಎಂದು ರಿಕ್ಷಾದವರು ರೇಗಿಸುತ್ತಿದ್ದರು. ಪಾಣೆಮಂಗಳೂರಿನ ಬಟ್ಟೆ ಅಂಗಡಿಯ ಯಜಮಾನರಾದ ಬ್ಯಾರಿಗಳು ಮಾತ್ರ ಎರಡನೇ ಮಾತಿಲ್ಲದೆ ಕೊಟ್ಟರು. “ಅದು ಎಂತ ಮಾತಾಡ್ತದೆ ಅಂತ ಗೊತ್ತಾದ ದಿನ ನನಗೆ ಮೊದಲು ಫೋನ್ ಮಾಡ್ಬೇಕು ನೀವು” ಎಂಬುದು ಅವರ ಕರಾರು. ಮಹಿಳಾ ಮಂಡಲ, ಶಾಲೆ, ಸೊಸೈಟಿಯ ವಾರ್ಷಿಕೋತ್ಸವ, ಎಲ್ಲಿ ಮೈಕು ಸಿಕ್ಕಿದರೂ ನಾನು ಡಾಲ್ಫಿನ್‌ಗಳ ಬಗ್ಗೆ ಮಾತಾಡಿದೆ. ಹುಡುಗಿ ಕಳಿಸಿದ ಸಿಳ್ಳೆಗಳನ್ನು ಫೋನಿನಲ್ಲಿ ಕೇಳಿಸುವುದು, “ಕಣ್ಣು ಮುಚ್ಚಿಕೊಳ್ಳಿ, ನೋಡ್ಲಿಕ್ಕೆ ಹೋದರೆ ಕೇಳುವುದಿಲ್ಲ” ಎನ್ನುವುದು, ಆಮೇಲೆ “ಇದರಲ್ಲಿ ಹೊಸತು ಎಂತ ಉಂಟು? ಇದು ನಮ್ಮ ಕೂ ಅಲ್ವಾ!” ಎನ್ನುವುದು. ಅಲ್ಲಿಗೆ ಚಪ್ಪಾಳೆ. ಆ ಮಾತು ಅಣ್ಣನದ್ದು ಎಂದು ನಾನು ಒಂದು ಸಭೆಯಲ್ಲೂ ಹೇಳಲಿಲ್ಲ. ಹೇಳಬಾರದೆಂದಲ್ಲ, ಚಪ್ಪಾಳೆಯ ನಡುವೆ ಹೇಳಲು ಸಮಯ ಸಿಗುತ್ತಿರಲಿಲ್ಲ. ಅಷ್ಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹೀಗಿರುವಾಗ ಹೋದ ವರ್ಷ ಅಣ್ಣನಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು. ಬಲಗೈ ಹೋಯಿತು, ಬಾಯಿ ಓರೆಯಾಯಿತು, ಮಾತು ಪೂರ್ತಿ ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದ ಕೆಲವು ವಾರಗಳ ನಂತರ ಒಂದು ಸದ್ದು ಮಾತ್ರ ಹೊರಟಿತು. “ಊ…” ಎಂದು ಎಳೆಯುವುದು, ಆಮೇಲೆ ಉಸಿರು ಸಿಕ್ಕಿಕೊಂಡ ಹಾಗೆ ಒಡೆಯುವುದು. ಅದರ ಜೊತೆಗೆ ಜೊಲ್ಲು.

ಮಾತಿನ ಚಿಕಿತ್ಸೆ ಕೊಡುವ ಡಾಕ್ಟ್ರು ಅತ್ತಿಗೆಯನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. “ಅವರಿಗೆ ಎಲ್ಲ ಅರ್ಥ ಆಗ್ತದೆ, ಹೊರಗೆ ಬರುವುದಿಲ್ಲ ಅಷ್ಟೇ. ಈಗ ಅವರ ಕೈಯಲ್ಲಿ ಉಳಿದದ್ದು ಅದೊಂದೇ ಸದ್ದು. ಅದಕ್ಕೆ ಪ್ರತಿ ಸಲ ಯಾರಾದರೂ ಓಗೊಡಬೇಕು. ಅದನ್ನು ಹಿಡಿದುಕೊಂಡೇ ಉಳಿದ ಮಾತು ತರ್ಲಿಕ್ಕೆ ನೋಡುವ. ಯಾರೂ ಓಗೊಡದಿದ್ದರೆ ಅವರು ಅದನ್ನೂ ಬಿಟ್ಟುಬಿಡ್ತಾರೆ. ಆಮೇಲೆ ಕಷ್ಟ.”

“ಅದೆಲ್ಲ ನನಗೆ ಬಿಡಿ ಡಾಕ್ಟ್ರೆ. ಡಾಲ್ಫಿನ್ ಮಾತು ಕೇಳುವವಳು ನಾನು” ಎಂದೆ. ಎಂಥ ಬಾಯಿ ನನ್ನದು!

ಪ್ರತಿ ಭಾನುವಾರ ಬೆಳ್ತಂಗಡಿಗೆ ಹೋಗುತ್ತಿದ್ದೆ. ಗೇಟು ತೆರೆಯುತ್ತಿದ್ದ ಹಾಗೇ ಅಣ್ಣ “ಊ…” ಎಂದು ಶುರು ಮಾಡುತ್ತಿದ್ದ. “ಎಂತ ಹೇಳ್ತಿದ್ದಾರೆ?” ಎಂದು ಅತ್ತಿಗೆ ನನ್ನನ್ನು ಕೇಳುತ್ತಿದ್ದರು. “ನೀರು ಬೇಕಂತೆ” ಎನ್ನುತ್ತಿದ್ದೆ. ನೀರು ತಂದರೆ ಮುಖ ಆಚೆ ತಿರುಗಿಸುತ್ತಿದ್ದ. “ಬಾತ್‌ರೂಮಿಗಂತೆ” ಎನ್ನುತ್ತಿದ್ದೆ. ಎಬ್ಬಿಸಲು ಹೋದರೆ ಎಡಗೈಯಿಂದ ದೂಡುತ್ತಿದ್ದ. “ನೀನು ಬಂದಾಗಲೇ ಇವರದ್ದು ಜಾಸ್ತಿ, ಉಳಿದ ದಿನ ಇಷ್ಟಿಲ್ಲ” ಎಂದು ಅತ್ತಿಗೆ ಒಂದು ದಿನ ಹೇಳಿದರು. ಹಾಗಾದರೆ ನನ್ನನ್ನು ಕಂಡರೆ ಸಿಟ್ಟಿರಬೇಕು ಎಂದು ನಾನು ತೀರ್ಮಾನಿಸಿದೆ. ನಿಜ ಹೇಳಬೇಕೆಂದರೆ ನನಗೆ ಆ ಬಾಯಿಯನ್ನು ನೋಡಲಾಗುತ್ತಿರಲಿಲ್ಲ. ಅಣ್ಣ “ಊ” ಅಂದಾಗಲೆಲ್ಲ ನನ್ನ ಕಣ್ಣು ಜೊಲ್ಲಿನ ಮೇಲೆ ಹೋಗುತ್ತಿತ್ತು, ಕೈ ಟವೆಲಿಗೆ ಹೋಗುತ್ತಿತ್ತು. ಕಿವಿ ಎಲ್ಲಿತ್ತೋ.

ಮೂಡುಬಿದಿರೆಯಲ್ಲಿ ಒಂದು ಮಹಿಳಾ ಸಂಘದವರು ನನ್ನ ಭಾಷಣ ಇಟ್ಟುಕೊಂಡದ್ದು ಆ ದಿನಗಳಲ್ಲಿ. ಜೊತೆಗೆ ಸನ್ಮಾನವೂ ಇತ್ತು. ಫ್ಲೆಕ್ಸಿನಲ್ಲಿ ನನ್ನ ಫೋಟೋ, ಪಕ್ಕದಲ್ಲಿ ನೀರಿನಿಂದ ಹಾರುವ ಡಾಲ್ಫಿನ್. ಅತ್ತಿಗೆಗೆ ಹೇಗೆ ಗೊತ್ತಾಯಿತೋ, ಇವರನ್ನೂ ಕರೆದುಕೊಂಡು ಬರುತ್ತೇನೆ ಎಂದು ಫೋನ್ ಮಾಡಿದರು. “ಹಳೇ ರೂಟು, ಇವರಿಗೆ ಖುಷಿ ಆಗ್ತದೆ. ನಿನ್ನ ಭಾಷಣ ಇವರು ಒಮ್ಮೆಯೂ ಕೇಳ್ಲಿಲ್ಲ ಅಲ್ವಾ.” ಬೇಡ ಎನ್ನಲು ನೂರು ನೆವ ನನ್ನ ಬಾಯಿಗೆ ಬಂದವು. ಕಾರಿನಲ್ಲಿ ಸುಸ್ತಾಗ್ತದೆ, ಸಭೆಯ ಹಾಲಿನಲ್ಲಿ ಸೆಕೆ, ಮೆಟ್ಟಿಲು ಉಂಟು. ಅತ್ತಿಗೆ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರು ಬಂದರು. ಅತ್ತಿಗೆ ಅಣ್ಣನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಎದೆಯ ಮೇಲೆ ಟವೆಲು ಹಾಕಿ, ಗಾಲಿಕುರ್ಚಿಯಲ್ಲಿ ಎದುರಿನ ಸಾಲಿನ ಬದಿಗೇ ತಂದು ನಿಲ್ಲಿಸಿದರು. ನಾನು ಬಾಗಿಲಲ್ಲಿ ಅತಿಥಿಗಳ ಜೊತೆ ನಿಂತಿದ್ದೆ. ಸಂಘದ ಕಾರ್ಯದರ್ಶಿ ಮೆಲ್ಲನೆ, “ಅವರು ಯಾರು ಮೇಡಂ?” ಎಂದು ಕೇಳಿದರು.

“ನಮ್ಮ ಊರಿನ ಕಡೆಯವರು” ಎಂದೆ.

ಅಷ್ಟು ಸಲೀಸಾಗಿ ಹೇಗೆ ಬಂತು ಆ ಮಾತು ಎಂದು ಈಗಲೂ ಯೋಚಿಸುತ್ತೇನೆ. ಒಡಹುಟ್ಟಿದವನನ್ನು ಒಂದೇ ವಾಕ್ಯದಲ್ಲಿ ನೆರೆಹೊರೆಗೆ ದಾಟಿಸಿಬಿಟ್ಟೆ.

ಭಾಷಣ ಚೆನ್ನಾಗಿ ಹೋಯಿತು. ಕಡಲು, ವಾಂತಿ, ಹೆಡ್‌ಫೋನು, ಎಲ್ಲಕ್ಕೂ ನಗು ಬಂತು. ಫೋನನ್ನು ಮೈಕಿಗೆ ಹಿಡಿದು ಸಿಳ್ಳೆ ಕೇಳಿಸಿದೆ. “ಒಂದು ಕರೆಯುತ್ತದೆ, ಇನ್ನೊಂದು ಗುರುತು ಹಿಡಿಯುತ್ತದೆ. ಇದರಲ್ಲಿ ಹೊಸತು ಎಂತ ಉಂಟು? ಇದು ನಮ್ಮ ಕೂ ಅಲ್ವಾ!” ಎಂದೆ. ಚಪ್ಪಾಳೆ ಬೀಳುವ ಮೊದಲು, ಆ ಒಂದು ಗಳಿಗೆಯ ನಿಶ್ಶಬ್ದದಲ್ಲಿ, ಎದುರಿನ ಸಾಲಿನಿಂದ ಅಣ್ಣ “ಊ…” ಎಂದ. ದೊಡ್ಡ ದನಿ. ಸ್ಟ್ರೋಕ್ ಆದ ಮೇಲೆ ಅಷ್ಟು ದೊಡ್ಡ ದನಿ ಅವನಿಂದ ಬಂದಿರಲಿಲ್ಲ. ಸಭೆ ಪೂರ್ತಿ ಅತ್ತ ತಿರುಗಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮೈಕು ಹಿಡಿದವಳಿಗೆ ಸಭೆ ಕೈತಪ್ಪುವುದು ಎಂದರೆ ಏನೆಂದು ಗೊತ್ತಿರುತ್ತದೆ. ಹಿಡಿದು ನಿಲ್ಲಿಸುವ ವಿದ್ಯೆಯೂ ಗೊತ್ತಿರುತ್ತದೆ. “ನೋಡಿ, ನಮ್ಮ ಹಾಲಿನಲ್ಲೇ ಒಂದು ಡಾಲ್ಫಿನ್ ಉಂಟು!” ಎಂದುಬಿಟ್ಟೆ.

ಹಾಲಿನ ಮಾಡು ಹಾರಿಹೋಗುವಷ್ಟು ನಗು, ಜೊತೆಗೆ ಚಪ್ಪಾಳೆ. ಆ ಗದ್ದಲದಲ್ಲಿ ಅಣ್ಣ ಇನ್ನೊಮ್ಮೆ “ಊ…” ಎಂದ, ನನ್ನನ್ನೇ ನೋಡುತ್ತಾ. ನಾನು ನಗುಮುಖದಲ್ಲೇ ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡೆ. ಶ್! ಮಕ್ಕಳಿಗೆ ಮಾಡುತ್ತೇವಲ್ಲ, ಹಾಗೆ. ಅವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು, ಸದ್ದು ಮಾತ್ರ ನಿಂತಿತು. ಅತ್ತಿಗೆ ಎದ್ದು, ಯಾರ ಸಹಾಯವನ್ನೂ ಕೇಳದೆ, ಕುರ್ಚಿಯನ್ನು ತಿರುಗಿಸಿ ಹೊರಗೆ ದೂಡಿಕೊಂಡು ಹೋದರು. ನಾನು ಭಾಷಣ ಮುಂದುವರಿಸಿದೆ. ಹೌದು, ಮುಂದುವರಿಸಿದೆ.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿಸಿ ಹೊರಗೆ ಬಂದಾಗ ಅವರು ಕಾರಿನಲ್ಲಿ ಕೂತಾಗಿತ್ತು. ಬುಟ್ಟಿಯನ್ನು ಕಿಟಕಿಯಿಂದ ಒಳಗೆ ಇಡಲು ಹೋದೆ. ಅತ್ತಿಗೆ ಕೈ ಅಡ್ಡ ಹಿಡಿದರು.

“ಹಣ್ಣು ನೀನೇ ಕೊಂಡುಹೋಗು. ಮತ್ತೆ, ಇನ್ನು ಮನೆಗೆ ಬರುವಾಗ ಒಂದು ಫೋನ್ ಮಾಡಿ ಬಾ.”

ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣನ ಮನೆಗೆ ತಂಗಿ ಫೋನ್ ಮಾಡಿ ಹೋಗುವುದಿಲ್ಲ. ಪರರು ಮಾಡುತ್ತಾರೆ. ನನಗೂ ಸಿಟ್ಟು ಬಂತು ನೋಡಿ. ಇಷ್ಟು ಸಣ್ಣ ತಮಾಷೆಗೆ ಇಷ್ಟು ದೊಡ್ಡ ಮುಖ ಮಾಡುವುದಾ ಎಂದು ಇಡೀ ದಾರಿ ಗೊಣಗಿಕೊಂಡೇ ಬಿ.ಸಿ. ರೋಡಿಗೆ ಬಂದೆ. ಸಂಘದವರು ಭಾಷಣದ ವಿಡಿಯೋ ಕಳಿಸಿದ್ದರು. ಅದನ್ನು ಇದ್ದಬದ್ದ ಗ್ರೂಪುಗಳಿಗೆಲ್ಲ ಹಾಕಿದೆ, ಸ್ಟೇಟಸ್ಸಿಗೂ ಹಾಕಿದೆ. ಡಾಲ್ಫಿನ್ ಹುಡುಗಿಗೂ ಕಳಿಸಿದೆ.

ಮುಂದಿನ ಭಾನುವಾರ ಬೆಳ್ತಂಗಡಿಗೆ ಹೋಗಲಿಲ್ಲ. ಅದರ ಮರುದಿನ ಮಾಣಿಯಲ್ಲಿ ಒಬ್ಬ ಗ್ರಾಹಕರನ್ನು ಕಾಯುತ್ತಾ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದೆ. ಹುಡುಗಿಯ ಉತ್ತರ ಆಗ ಬಂತು. “ಭಾಷಣ ಚೆನ್ನಾಗಿದೆ ಅಕ್ಕ. ನಿಮ್ಮ ಮಾತಿನ ಹಿಂದೆ ಒಬ್ಬರು ಕರೆಯುತ್ತಿದ್ದಾರಲ್ಲ, ಯಾರು ಅವರು?”

ಕೂಗುತ್ತಿದ್ದಾರೆ ಎಂದು ಬರೆದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಲಾಟೆ ಮಾಡುತ್ತಿದ್ದಾರೆ ಎಂದಿದ್ದರೂ ಸರಿ ಎನ್ನುತ್ತಿದ್ದೆ. ಕರೆಯುತ್ತಿದ್ದಾರೆ ಎಂದಿದ್ದಳು. ಅದೆಂಥದ್ದು ನೋಡುವ ಎಂದು ವಿಡಿಯೋ ಹಾಕಿ, ಫೋನನ್ನು ಸಕ್ಕರೆಯ ಡಬ್ಬಿಗೆ ಒರಗಿಸಿದೆ. ಕೈಯೆಲ್ಲ ಎಣ್ಣೆ. ಫೋನು ಜಾರಿ ಮೇಜಿನ ಮೇಲೆ ಕವುಚಿ ಬಿತ್ತು. ಚಿತ್ರವಿಲ್ಲ, ಬರೀ ದನಿ. ಡಾಲ್ಫಿನ್ನಿನ ಸಿಳ್ಳೆ ಬಂತು, ನನ್ನ ಮಾತು ಬಂತು, ಆಮೇಲೆ ದೂರದಿಂದ ಒಂದು ಕರೆ ಬಂತು.

ಒಂದು ಉದ್ದ. ಎರಡು ಗಿಡ್ಡ.

“ಓ!” ಎಂದೆ. ದೊಡ್ಡದಾಗಿಯೇ ಅಂದಿರಬೇಕು. ಸಪ್ಲೈಯರ್ ಓಡಿ ಬಂದು, “ಎಂತ ಬೇಕಿತ್ತು ಮೇಡಂ?” ಎಂದು ಕೇಳಿದ. ಕವುಚಿ ಬಿದ್ದ ಫೋನಿನಿಂದ ನನ್ನದೇ ದನಿ ಕೇಳುತ್ತಿತ್ತು, “ನಮ್ಮ ಹಾಲಿನಲ್ಲೇ ಒಂದು ಡಾಲ್ಫಿನ್ ಉಂಟು!” ಮತ್ತೆ ನಗು. ಮತ್ತೆ ಚಪ್ಪಾಳೆ. ಅದರಡಿಯಲ್ಲಿ ಇನ್ನೊಮ್ಮೆ, ಒಂದು ಉದ್ದ, ಎರಡು ಗಿಡ್ಡ.

ಅವನು ನೀರು ಕೇಳಿದ್ದಲ್ಲ, ಬಾತ್‌ರೂಮಿಗೆ ಎಂದದ್ದಲ್ಲ. ಒಂದು ವರ್ಷದಿಂದ, ಗೇಟು ತೆರೆದಾಗಲೆಲ್ಲ, ನನ್ನನ್ನು ಕರೆಯುತ್ತಿದ್ದ. ಹೆಂಡತಿಯ ಹೆಸರು ಬಾರದ, ತನ್ನ ಹೆಸರೇ ಬಾರದ ಬಾಯಿಯಿಂದ ನನ್ನದೊಂದನ್ನು ಹೇಗೋ ಹೊರಗೆ ತಂದಿದ್ದ. ನಾನು ಅದಕ್ಕೆ ಟವೆಲು ಹಿಡಿದೆ. ಸಭೆಯಲ್ಲಿ ಅವನದ್ದೇ ಮಾತನ್ನು ನನ್ನದೆಂದು ಆಡಿದಾಗ, ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಅವನು ಅದಕ್ಕೆ ಸಾಕ್ಷಿ ಹೇಳಿದ್ದ. ನಾನು ಅವನನ್ನು ಪ್ರಾಣಿ ಮಾಡಿ ನಗಿಸಿದೆ. ನೆಲ ಬಾಯಿಬಿಟ್ಟು ನುಂಗಲಿ ಎಂದು ಜನ ಹೇಳುವುದನ್ನು ಕೇಳಿದ್ದೆ. ಆ ದಿನ ಮಾಣಿಯ ಹೋಟೆಲಿನಲ್ಲಿ ನಿಜಕ್ಕೂ ಹಾಗೇ ಅನಿಸಿತು.

ಗ್ರಾಹಕರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ದಾರಿಯಲ್ಲಿ ಗ್ರೂಪುಗಳಿಂದ ವಿಡಿಯೋ ಅಳಿಸುತ್ತಾ ಹೋದೆ. ಏನು ಪ್ರಯೋಜನ? ನೋಡುವವರು ನೋಡಿಯಾಗಿತ್ತು, ಮುಂದಕ್ಕೆ ಕಳಿಸುವವರು ಕಳಿಸಿಯಾಗಿತ್ತು. ಪಾಣೆಮಂಗಳೂರಿನ ಬ್ಯಾರಿಗಳಂತೂ ನಗುವ ಮುಖಗಳ ಸಾಲನ್ನೇ ಕಳಿಸಿದ್ದರು. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಲು ಇಳಿದು ಅತ್ತಿಗೆಗೆ ಫೋನ್ ಮಾಡಿದೆ. “ಬರಬಹುದಾ ಅತ್ತಿಗೆ?” ಎಂದು ಕೇಳಿದೆ. ಆ ಮನೆಗೆ ಬರಲು ಅಪ್ಪಣೆ ಕೇಳಿದ್ದು ಅದೇ ಮೊದಲು. ಅತ್ತಿಗೆ “ಬಾ” ಎಂದಷ್ಟೇ ಹೇಳಿ ಫೋನ್ ಇಟ್ಟರು.

ಗೇಟು ತೆರೆದೆ. ಅಣ್ಣ ಮನೆಯೆದುರಿನ ಸಿಟೌಟಿನಲ್ಲಿ ಕೂತಿದ್ದ. ಸದ್ದಿಲ್ಲ. ನನ್ನನ್ನು ನೋಡಿದ, ಆಮೇಲೆ ರಸ್ತೆಯ ಕಡೆ ನೋಡಿದ.

“ಮೂಡ್ಬಿದ್ರೆಯಿಂದ ಬಂದ ಮೇಲೆ ಬಾಯಿ ಬಿಡ್ಲಿಲ್ಲ” ಎಂದರು ಅತ್ತಿಗೆ. “ಡಾಕ್ಟ್ರು ಬಂದು ಏನೇನೋ ಮಾಡಿ ನೋಡಿದರು. ಒಂದು ಉಸಿರೂ ಇಲ್ಲ.”

ಅತ್ತಿಗೆಗೆ ಎಲ್ಲ ಹೇಳಿದೆ, ಕೂ ಎಂದರೆ ಏನು, ಯಾರದ್ದು ಹೇಗೆ ಎಂದು. ಹೇಳುತ್ತಾ ಹೇಳುತ್ತಾ ಅತ್ತೆ. ಅತ್ತಿಗೆ ಅಳಲಿಲ್ಲ. “ನನಗೆ ಆ ಲೆಕ್ಕ ಗೊತ್ತಿಲ್ಲ ಮಾರಾಯ್ತಿ, ನಾನು ಬೇರೆ ಮನೆಯಿಂದ ಬಂದವಳು. ನಿನಗೆ ಗೊತ್ತಿತ್ತಲ್ಲ” ಎಂದರು, ಅಷ್ಟೇ. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಅಣ್ಣನ ಪಕ್ಕ ಕೂತು, ಕಿವಿಯ ಹತ್ತಿರ, ಮೆಲ್ಲನೆ ಅವನ ಕೂ ಹಾಕಿದೆ. ಎರಡು ಗಿಡ್ಡ, ಒಂದು ಉದ್ದ. ಅವನು ಕಣ್ಣು ಮುಚ್ಚಿಕೊಂಡ. ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ ಹೋದೆ. ಪ್ರತಿ ಸಲ ಫೋನ್ ಮಾಡಿಯೇ ಹೋದೆ. ಒಳಕೋಣೆಯಲ್ಲಿ, ಅಕ್ಕಪಕ್ಕದವರಿಗೆ ಕೇಳಿಸದ ಹಾಗೆ, ಔಷಧಿ ಕುಡಿಸಿದಂತೆ ಕೂ ಹಾಕಿ ಬರುತ್ತಿದ್ದೆ. ಅವನು ಬಾಯಿ ತೆರೆಯಲಿಲ್ಲ. “ಕಾಯುವ” ಎಂದರು ಡಾಕ್ಟ್ರು. ಆದರೆ ಅವರ ಮುಖ ಬೇರೆ ಹೇಳುತ್ತಿತ್ತು.

ಹುಡುಗಿಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದೆ. “ಒಂದು ಡಾಲ್ಫಿನ್ ಇನ್ನೊಂದನ್ನು ಕರೀತದೆ, ಅದು ಓಗೊಡುವುದಿಲ್ಲ ಅಂತ ಇಟ್ಟುಕೊ. ಎಷ್ಟು ಕಾಲ ಕರೀತದೆ?”

“ಗೊತ್ತಿಲ್ಲ ಅಕ್ಕ” ಎಂದಳು. “ನಮಗಿನ್ನೂ ಗೊತ್ತಾಗದ್ದೇ ಜಾಸ್ತಿ. ಅದಕ್ಕೇ ಅಲ್ವಾ ನೀವೆಲ್ಲ ಸಹಾಯ ಮಾಡುವುದು?”

ಆ ಸಂಸ್ಥೆಯ ಕೆಲಸವನ್ನೇ ಬಿಟ್ಟುಬಿಡಬೇಕು, ರಶೀದಿ ಪುಸ್ತಕವನ್ನು ತಿರುಗಿ ಕಳಿಸಬೇಕು ಎಂದು ಮನಸ್ಸು ಮಾಡಿದ್ದೆ. ಆ ಉತ್ತರ ಕೇಳಿದ ಮೇಲೆ ಬಿಡಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡು ಕಿವಿಗೊಟ್ಟು ಕೂರುವವರಿಗೆ ಯಾರಾದರೂ ಕೊಡಬೇಕು. ಎಲ್ಲ ಗೊತ್ತು ಎಂದು ನೀರಿನ ಲೋಟ ಹಿಡಿದು ಓಡುವವರಿಗೆ ಅಲ್ಲ. ಭಾಷಣ ಮಾತ್ರ ನಿಲ್ಲಿಸಿದೆ. ಕರೆದವರಿಗೆ ಗಂಟಲು ಸರಿಯಿಲ್ಲ ಎಂದೆ. ನನ್ನ ಗಂಟಲಿನ ಬಗ್ಗೆ ಯಾರಾದರೂ ಸುಳ್ಳು ನಂಬುತ್ತಾರಾ? ಯಾರೂ ನಂಬಲಿಲ್ಲ.

ಮೊನ್ನೆ ಭಾನುವಾರ ಬೆಳ್ತಂಗಡಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಬ್ಬ ಎಳೆಯ ಕಂಡಕ್ಟರ್ ಬೊಬ್ಬೆ ಹಾಕುತ್ತಿದ್ದ, “ಗುರುವಾಯನಕೆರೆ, ವೇಣೂರು, ಮೂಡ್ಬಿದ್ರೆ…” ಎಂದು. ನಿಂತು ಕೇಳಿದೆ. ಕೂ ಎಂದರೆ ಕಿವಿಯ ಹತ್ತಿರ ಪಿಸುಗುಟ್ಟುವುದಲ್ಲವಲ್ಲ ಎಂದು ಆಗ ತಲೆಗೆ ಹೋಯಿತು. ಅದು ತೋಡಿನ ಆಚೆಯಿಂದ ಹಾಕುವಂಥದ್ದು. ಇಷ್ಟು ವಾರ ನಾನು ಮಾಡುತ್ತಿದ್ದದ್ದು ಕೂ ಅಲ್ಲ. ಅಣ್ಣನನ್ನು ಊರಿನ ಎದುರು ತುಟಿಗೆ ಬೆರಳಿಟ್ಟು ಸುಮ್ಮನಾಗಿಸಿದೆ, ಕರೆಯುವುದು ಮಾತ್ರ ಬಾಗಿಲು ಹಾಕಿಕೊಂಡು. ಮಾನ ಹೋಗಬಾರದಲ್ಲ, ಮರ್ಯಾದಸ್ಥೆ!

ಆ ದಿನ ಫೋನ್ ಮಾಡಲಿಲ್ಲ. ಅವರ ಮನೆ ಕಾಣುವ ತಿರುವಿನಲ್ಲಿ, ನೀರಿನ ಟ್ಯಾಂಕಿಯ ಬುಡದಲ್ಲಿ ನಿಂತೆ. ಸಿಟೌಟಿನಲ್ಲಿ ಅಣ್ಣನ ಬಿಳಿ ಅಂಗಿ ಕಾಣುತ್ತಿತ್ತು. ಚೀಲವನ್ನು ನೆಲದ ಮೇಲಿಟ್ಟು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಇದ್ದಷ್ಟೂ ಉಸಿರು ಎಳೆದುಕೊಂಡು ಕೂ ಹಾಕಿದೆ. ಎರಡು ಗಿಡ್ಡ, ಒಂದು ಉದ್ದ.

ನಾಯಿಗಳು ಬೊಗಳಿದವು. ಎದುರು ಮನೆಯ ಕಿಟಕಿ ತೆರೆಯಿತು. ಸ್ಕೂಟರಿನಲ್ಲಿ ಹೋಗುತ್ತಿದ್ದವರು ನಿಲ್ಲಿಸಿ, “ಎಂತ ಆಯ್ತು ಅಕ್ಕ?” ಎಂದು ಕೇಳಿದರು. ಬೇಲಿಯ ಹತ್ತಿರ ಇಬ್ಬರು ಹೆಂಗಸರು ನಗುವುದು ಕಾಣಿಸಿತು. ನಗಲಿ. ಇನ್ನೊಮ್ಮೆ ಹಾಕಿದೆ. ಮುಖಕ್ಕೆ ರಕ್ತ ಏರಿ ಕಿವಿ ಬಿಸಿಯಾಗಿತ್ತು, ಕಣ್ಣಲ್ಲಿ ನೀರು. ಮತ್ತೊಮ್ಮೆ ಹಾಕುತ್ತಾ ಗೇಟಿನವರೆಗೆ ನಡೆದೆ.

ಅತ್ತಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನಿಂತಿದ್ದರು. ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನನ್ನನ್ನೇ ನೋಡುತ್ತಿದ್ದ. ಬಾಯಿ ತೆರೆಯುತ್ತಾನೆ, ಈಗ ತೆರೆಯುತ್ತಾನೆ ಎಂದು ನಾನು ಗೇಟಿನ ಸರಳು ಹಿಡಿದು ಕಾದೆ. ಅವನು ಎಡಗೈಯನ್ನು ನಿಧಾನವಾಗಿ ಎತ್ತಿದ. ಒಂದು ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡ.

ನಗುತ್ತಿದ್ದಾನಾ ಎಂದು ನೋಡಿದೆ. ಬಾಯಿ ಮೊದಲೇ ಓರೆ, ಗೊತ್ತಾಗಲಿಲ್ಲ.

“ಎಂತ ಹೇಳ್ತಿದ್ದಾರೆ?” ಎಂದು ಅತ್ತಿಗೆ ಕೇಳಿದರು.

“ಸುಮ್ಮನಿರು ಅಂತ” ಎಂದೆ. ಒಂದು ವರ್ಷದಲ್ಲಿ ನಾನು ಅವನ ಮಾತನ್ನು ತಪ್ಪಿಲ್ಲದೆ ಹೇಳಿದ್ದು ಅದೊಂದೇ ಸಲ.